ಬಾಸ್ಟನ್‌ನ ಕೆಂಪು ಗೆರೆಯ ಮೇಲೆ ಮೂರು ದಿನ

ಅಕ್ಟೋಬರ್ ಮೊದಲ ವಾರ ಅಮ್ಮನೊಂದಿಗೆ ಬಾಸ್ಟನ್‌ನಲ್ಲಿ ಮೂರು ದಿನ ಕಳೆದು ಬಂದ ಮೇಲೆ, ಅದೇ ಪ್ರವಾಸಕ್ಕೆ ಸಿದ್ಧರಾಗುತ್ತಿರುವವರಿಗೆ ನಾನು ಹೇಳಬೇಕಾದ ಮೊದಲ ಮಾತೆಂದರೆ, ಅಮೆರಿಕದ ಸ್ವಾತಂತ್ರ್ಯ ಹೋರಾಟದ ತಾಣಗಳನ್ನು ಜೋಡಿಸುವ ಫ್ರೀಡಂ ಟ್ರೇಲನ್ನು ಒಂದೇ ದಿನದಲ್ಲಿ ಮುಗಿಸಲು ಹೋಗಬೇಡಿ. ಪಾದಚಾರಿ ದಾರಿಯ ಮೇಲಿನ ಆ ಕೆಂಪು ಗೆರೆ ಬಾಸ್ಟನ್ ಕಾಮನ್ ಉದ್ಯಾನದಿಂದ ಬಂಕರ್ ಹಿಲ್‌ವರೆಗೆ ಸುಮಾರು 4 ಕಿ.ಮೀ. ಮಾತ್ರ ಸಾಗುತ್ತದೆ, ನಿಜ. ಆದರೆ ಅದರ 16 ತಾಣಗಳಲ್ಲಿ ನಾಲ್ಕೈದು ಕಡೆಯಾದರೂ ನಿಧಾನವಾಗಿ ನಿಲ್ಲದಿದ್ದರೆ, ಬ್ರಿಟಿಷ್ ಪ್ರಜೆಗಳೆಂದು ಹೆಮ್ಮೆಪಡುತ್ತಿದ್ದ ಜನ ಹತ್ತೇ ವರ್ಷಗಳಲ್ಲಿ ತಮ್ಮ ದೊರೆಯ ಸೈನ್ಯದ ಮೇಲೆ ಗುಂಡು ಹಾರಿಸಿದ್ದೇಕೆಂಬುದು ತಿಳಿಯುವುದಿಲ್ಲ.

ಮೊದಲ ದಿನ ಓಲ್ಡ್ ಸೌತ್ ಮೀಟಿಂಗ್ ಹೌಸ್‌ನಿಂದ ಆರಂಭಿಸಿ. 1763ರಲ್ಲಿ ಫ್ರಾನ್ಸಿನ ಮೇಲಿನ ಯುದ್ಧ ಗೆದ್ದರೂ ಸಾಲದಲ್ಲಿ ಮುಳುಗಿದ್ದ ಬ್ರಿಟನ್, 1765ರಲ್ಲಿ ತನ್ನ ಅಮೆರಿಕದ ವಸಾಹತುಗಳ ಮೇಲೆ ಸ್ಟ್ಯಾಂಪ್ ತೆರಿಗೆ ಹೇರಿತು. ಜನರನ್ನು ಕೆರಳಿಸಿದ್ದು ತೆರಿಗೆಯ ಮೊತ್ತಕ್ಕಿಂತ, ತಮ್ಮ ಒಬ್ಬ ಪ್ರತಿನಿಧಿಯೂ ಇಲ್ಲದ ಲಂಡನ್‌ನ ಸಂಸತ್ತು ಅದನ್ನು ತೀರ್ಮಾನಿಸಿದ ರೀತಿ. 1773ರ ಚಹಾ ಕಾಯಿದೆಯಿಂದ ಈಸ್ಟ್ ಇಂಡಿಯಾ ಕಂಪನಿಯ ಚಹಾ ಅಗ್ಗವೇ ಆಗಿತ್ತು. ಆದರೂ ಅದರ ಮೇಲೆ ಅದೇ ಸಂಸತ್ತಿನ ತೆರಿಗೆ ಉಳಿದಿದ್ದರಿಂದ ಡಿಸೆಂಬರ್ 16ರಂದು ಈ ಸಭಾಮಂದಿರದಲ್ಲಿ ಸುಮಾರು 5,000 ಜನ ಸೇರಿದರು, ಅದೇ ರಾತ್ರಿ 342 ಪೆಟ್ಟಿಗೆ ಚಹಾ ಬಂದರಿನ ನೀರುಪಾಲಾಯಿತು. ಬಂಗಾಳವನ್ನು ಸುಲಿಗೆ ಮಾಡಿದ್ದೂ ಇದೇ ಕಂಪನಿ ಎಂಬುದನ್ನು ನೆನೆದು ಅಲ್ಲಿ ಅರ್ಧ ಗಂಟೆಯಾದರೂ ಕುಳಿತುಕೊಳ್ಳಿ.

ಅಲ್ಲಿಂದ ಕೆಲವೇ ನಿಮಿಷದ ನಡಿಗೆಯಲ್ಲಿ ಓಲ್ಡ್ ಸ್ಟೇಟ್ ಹೌಸ್ ಸಿಗುತ್ತದೆ. 1770ರಲ್ಲಿ ಸೈನಿಕರ ಗುಂಡಿಗೆ ಐವರು ಬಲಿಯಾದ ಘಟನೆಯನ್ನು ನೆನಪಿಸುವ ಕಲ್ಲಿನ ವೃತ್ತ ಅದರ ಮುಂದಿದೆ. 1776ರ ಜುಲೈ 18ರಂದು ಅದರ ಬಾಲ್ಕನಿಯಿಂದ ಸ್ವಾತಂತ್ರ್ಯ ಘೋಷಣೆಯನ್ನು ಓದಿದಾಗ, ಜನ ಮಾಳಿಗೆಯ ಮೇಲಿದ್ದ ರಾಜಲಾಂಛನದ ಸಿಂಹವನ್ನೂ ಯುನಿಕಾರ್ನನ್ನೂ ಕೆಳಗಿಳಿಸಿ ಸುಟ್ಟುಹಾಕಿದರು. ಈಗ ಕಾಣುವುವು ಮುಂದೆ ಕೂರಿಸಿದ ಪ್ರತಿಕೃತಿಗಳು.

ಬ್ರಿಟಿಷ್ ಸೈನ್ಯದೊಂದಿಗೆ ನಡೆದ ಕಾಳಗದ ನೆನಪಿನ ಬಂಕರ್ ಹಿಲ್ ಸ್ಮಾರಕವನ್ನು ಎರಡನೆಯ ದಿನದ ಬೆಳಿಗ್ಗೆಗೆ ಇಟ್ಟುಕೊಳ್ಳಿ. ನಾವು ಮೊದಲ ದಿನ ಸಂಜೆ ತಲುಪಿದಾಗ ಬಾಗಿಲು ಮುಚ್ಚಿತ್ತು. ಅಷ್ಟು ನಡೆದಿದ್ದ ಅಮ್ಮನಿಗೆ ಕಾಲು ಸೋತಿತ್ತು. ಒಳಗೆ 294 ಮೆಟ್ಟಿಲುಗಳಿವೆ, ಲಿಫ್ಟ್ ಇಲ್ಲ. ಮಂಡಿನೋವಿರುವವರು ಕೆಳಗಿನ ಹುಲ್ಲುಹಾಸಿನಲ್ಲೇ ಕುಳಿತರೆ ಕಳೆದುಕೊಳ್ಳುವುದೇನೂ ಇಲ್ಲ.

ಮೂರನೆಯ ದಿನ ಕಾಂಕರ್ಡ್‌ಗೆ ಖಂಡಿತ ಹೋಗಿ. ನಾರ್ತ್ ಸ್ಟೇಷನ್‌ನಿಂದ ರೈಲಿದೆ. ಇಳಿದ ಮೇಲೆ ನಾರ್ತ್ ಬ್ರಿಡ್ಜ್‌ವರೆಗೆ ಎರಡೂವರೆ ಕಿ.ಮೀ. ನಡಿಗೆ. 1775ರ ಏಪ್ರಿಲ್ 19ರ ಬೆಳಗಿನ ಜಾವ ಲೆಕ್ಸಿಂಗ್ಟನ್‌ನಲ್ಲಿ ಎಂಟು ಜನ ಸ್ಥಳೀಯರನ್ನು ಕೊಂದು ಬಂದಿದ್ದ ಸೈನ್ಯವನ್ನು ಈ ಪುಟ್ಟ ಮರದ ಸೇತುವೆಯ ಬಳಿ ರೈತರು ಹಿಮ್ಮೆಟ್ಟಿಸಿದರು. ಸೇತುವೆಯಾಚೆಯ ಕಂಚಿನ ಪ್ರತಿಮೆಯ ಬಲಗೈಯಲ್ಲಿ ಬಂದೂಕಿದೆ, ಎಡಗೈ ನೇಗಿಲ ಮೇಲಿದೆ, ಕೋಟು ನೇಗಿಲ ಮೇಲೇ ಬಿದ್ದಿದೆ. ಒಕ್ಕಲುತನದ ಮನೆಯಲ್ಲಿ ಬೆಳೆದ ಅಮ್ಮ ಅದನ್ನು ಬಹಳ ಹೊತ್ತು ನೋಡಿ, “ಮೇಳಿ ಇನ್ನೂ ಬಿಟ್ಟಿಲ್ಲ ನೋಡು” ಎಂದರು. ಬಿತ್ತನೆಯ ಕಾಲದಲ್ಲಿ ಹೊಲ ಬಿಟ್ಟು ಬಂದವರ ಸಂಕಟವನ್ನು ಅದಕ್ಕಿಂತ ಚೆನ್ನಾಗಿ ನನಗೆ ಯಾರೂ ತಿಳಿಸಿರಲಿಲ್ಲ. ಏಪ್ರಿಲ್ ಮೂರನೆಯ ಸೋಮವಾರದ ಆಸುಪಾಸಿನಲ್ಲಿ ಹೋಗುವವರು ವಸತಿಯನ್ನು ತಿಂಗಳುಗಳ ಮೊದಲೇ ಕಾದಿರಿಸಿ. ಈ ಕಾಳಗವನ್ನು ನೆನೆಯುವ ಪೇಟ್ರಿಯಟ್ಸ್ ಡೇ ಮತ್ತು ಬಾಸ್ಟನ್ ಮ್ಯಾರಥಾನ್ ಅಂದೇ ಇರುತ್ತವೆ.

ಸಮಯವಿದ್ದವರು ವರ್ಜೀನಿಯಾದ ಯಾರ್ಕ್‌ಟೌನ್ ಅನ್ನೂ ಸೇರಿಸಿಕೊಳ್ಳಿ; ವಾಷಿಂಗ್ಟನ್‌ನಿಂದ ಕಾರಿನಲ್ಲಿ ಸುಮಾರು ಮೂರು ಗಂಟೆಯ ದಾರಿ. ಫ್ರೆಂಚ್ ನೌಕಾಪಡೆ ಕೊಲ್ಲಿಯ ಬಾಯಿ ಕಟ್ಟಿದ್ದರಿಂದಲೇ 1781ರ ಅಕ್ಟೋಬರ್ 19ರಂದು ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸ್‌ನ ಸೈನ್ಯ ಅಲ್ಲಿ ಶರಣಾಯಿತು; 1783ರ ಪ್ಯಾರಿಸ್ ಒಪ್ಪಂದದಲ್ಲಿ ಬ್ರಿಟನ್ ಅಮೆರಿಕದ ಸ್ವಾತಂತ್ರ್ಯವನ್ನು ಒಪ್ಪಿಕೊಂಡಿತು. ಅದೇ ಕಾರ್ನ್‌ವಾಲಿಸ್ 1791ರ ಮಾರ್ಚ್‌ನಲ್ಲಿ ಟಿಪ್ಪುವಿನಿಂದ ಬೆಂಗಳೂರು ಕೋಟೆಯನ್ನು ಕಿತ್ತುಕೊಂಡ. ಬೆಂಗಳೂರಿನಿಂದ ವಿಮಾನ ಹತ್ತುವವರು ಹೊರಡುವ ಮೊದಲು ಕೆ.ಆರ್. ಮಾರುಕಟ್ಟೆ ಬಳಿಯ ಕೋಟೆಗೆ ಹೋಗಿ, ಗೋಡೆ ಒಡೆದ ಜಾಗವನ್ನು ಗುರುತಿಸುವ ಫಲಕವನ್ನು ನೋಡಿಕೊಳ್ಳಿ.