ಒಟ್ಟಿನಲ್ಲಿ ಸೋತ, ಅಲ್ವಾ?

ನಾನು ಚೀನಾದ ಚರಿತ್ರೆ ಓದುತ್ತೇನೆ ಅಂತ ಗೊತ್ತಾದವರೆಲ್ಲ ಕೇಳುವುದು ಒಂದೇ. ‘ಅಫೀಮು ಸುಟ್ಟು ಯುದ್ಧ ತಂದಿಟ್ಟನಲ್ಲ ಆ ಅಧಿಕಾರಿ, ಲಿನ್ ಝೆಶು, ಆಮೇಲೆ ಗಡಿಪಾರಾದ. ಒಟ್ಟಿನಲ್ಲಿ ಸೋತ, ಅಲ್ವಾ?’ ಹೋದ ತಿಂಗಳು ಮದುವೆ ಊಟದಲ್ಲಿ ಪಕ್ಕದ ಎಲೆಯ ಭಾವ ಕೇಳಿದರು. ನಾನು ಬಾಯಿ ತೆಗೆಯುವಷ್ಟರಲ್ಲಿ ಹೋಳಿಗೆ ಬಂತು, ಭಾವ ಅತ್ತ ತಿರುಗಿದರು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಸುಡಲಿಲ್ಲ ಮಾರಾಯರೇ! ಸುಟ್ಟರೆ ಅಫೀಮು ಕರಗಿ ಮಣ್ಣಿಗಿಳಿಯುತ್ತೆ, ಚಟದವರು ಆ ಮಣ್ಣನ್ನೇ ಅಗೆದುಕೊಂಡು ಹೋಗುತ್ತಾರೆ. ಅಫೀಮು ವ್ಯಾಪಾರ ನಿಲ್ಲಿಸಲು ಚಕ್ರವರ್ತಿ ಕಳಿಸಿದ್ದ ಲಿನ್‌ಗೆ ಅದು ಗೊತ್ತಿತ್ತು. 1839ರ ಜೂನ್‌ನಲ್ಲಿ ದಕ್ಷಿಣ ಚೀನಾದ ಹುಮೆನ್ ತೀರದಲ್ಲಿ ಹೊಂಡ ತೋಡಿಸಿ, ತಳಕ್ಕೆ ಕಲ್ಲು ಹಾಸಿಸಿ, ಉಪ್ಪುನೀರು ತುಂಬಿಸಿ, ಅಫೀಮಿನ ಉಂಡೆಗಳನ್ನು ಒಡೆಸಿ ನೆನೆಹಾಕಿಸಿ, ಮೇಲೆ ಸುಣ್ಣ ಸುರಿಸಿದ. ಕೊತಕೊತ ಕುದ್ದು ಕದಡಿದ್ದು ಇಳಿತದ ಹೊತ್ತಿಗೆ ಸಮುದ್ರಕ್ಕೆ ಹೋಯಿತು. ಹೆಚ್ಚಾಗಿ ಬ್ರಿಟಿಷ್ ವರ್ತಕರಿಂದ ಕಿತ್ತುಕೊಂಡ 20,000ಕ್ಕೂ ಜಾಸ್ತಿ ಪೆಟ್ಟಿಗೆ, ಮೂರು ವಾರದ ಕೆಲಸ. ನೀರು ಹೊಲಸು ಮಾಡುತ್ತಿದ್ದೇನೆ ಅಂತ ಸಮುದ್ರ ದೇವರ ಕ್ಷಮೆಯನ್ನೂ ಕೇಳಿದ್ದ. ಇದನ್ನು ‘ಸುಟ್ಟ’ ಅಂತ ಮುಗಿಸಿಬಿಟ್ಟರೆ ನನಗೆ ಉರಿಯುತ್ತೆ.

ಬ್ರಿಟನ್ ಜೊತೆ ಯುದ್ಧ ತಂದಿಟ್ಟನಂತೆ! ಬಿಹಾರ, ಬನಾರಸ್ ಕಡೆ ಗಸಗಸೆ ಬೆಳೆಸಿ, ಅಫೀಮನ್ನು ಚೀನಾಕ್ಕೆ ಸಾಗಿಸುವವರಿಗೆ ಕಲ್ಕತ್ತೆಯಲ್ಲಿ ಹರಾಜು ಹಾಕಿ ದುಡ್ಡು ಎಣಿಸಿದ ಈಸ್ಟ್ ಇಂಡಿಯಾ ಕಂಪನಿಯ ಹೆಸರು ಈ ಪ್ರಶ್ನೆಯಲ್ಲಿ ಯಾಕೆ ಬರಲ್ಲ?

ಗಡಿಪಾರು ನಿಜ. ಬ್ರಿಟಿಷ್ ಹಡಗುಗಳು ಉತ್ತರಕ್ಕೆ, ರಾಜಧಾನಿಯ ದಿಕ್ಕಿಗೆ ಬಂದದ್ದೇ ಚಕ್ರವರ್ತಿಗೆ ದಿಗಿಲು ಹುಟ್ಟಿ, 1840ರಲ್ಲಿ ಲಿನ್‌ನ ಕೆಲಸ ಹೋಯಿತು. ಮರುವರ್ಷ ಪಶ್ಚಿಮದ ತುದಿಯ ಇಲಿಗೆ ಎತ್ತಂಗಡಿ. (ಜಾಗದ ಹೆಸರೇ ಅದು, ನಗಬೇಡಿ.)

ನೀವು ಕೇಳಬೇಕಿದ್ದದ್ದು ಬೇರೆ: ದಾರಿಯಲ್ಲಿ ಏನಾಯಿತು? ಅದೇ ವರ್ಷ ಕೈಫೆಂಗ್ ಹತ್ತಿರ ಹಳದಿ ನದಿಯ ಏರಿ ಒಡೆಯಿತು. ಲಿನ್ ಹಿಂದೆ ಅದೇ ನದಿಯ ಕಾಮಗಾರಿ ನೋಡಿಕೊಂಡಿದ್ದವನು. ಶಿಕ್ಷೆಗೆ ಹೊರಟವನನ್ನೇ ತಡೆದು, ಇದನ್ನು ಸರಿಮಾಡು ಅಂದರು. ತಿಂಗಳುಗಟ್ಟಲೆ ದುಡಿದ, ಒಡಕು ಮುಚ್ಚಿತು, ಜೊತೆಗಿದ್ದ ಹಿರಿಯ ಮಂತ್ರಿ ವಾಂಗ್ ಡಿಂಗ್ ಇವನ ಪರ ಶಿಫಾರಸನ್ನೂ ಮಾಡಿದ. ಅರಮನೆಯಿಂದ ಬಂದ ಆಜ್ಞೆ: ಸರಿ, ಇಲಿಗೆ ಹೊರಡು.

ಇಪ್ಪತ್ತೈದು ವರ್ಷ ಸರ್ಕಾರಿ ಕಚೇರಿಯಲ್ಲಿ ಫೈಲು ಹೊತ್ತ ನನಗೆ ಆ ಆಜ್ಞೆ ಹೊಸದೆನಿಸಲಿಲ್ಲ. ನನಗೆ ಆಶ್ಚರ್ಯವಾದದ್ದು, ಆ ಪುಣ್ಯಾತ್ಮ ಅಲ್ಲಿಗೆ ಹೋದಮೇಲೂ ಸುಮ್ನೆ ಕೂರಲಿಲ್ಲ, ಕಾಲುವೆ ತೋಡಿಸಿದ, ಜಮೀನು ಅಳೆಸಿದ. 1845ರಲ್ಲಿ ವಾಪಸ್ ಕರೆಸಿಕೊಂಡರು. 1847ಕ್ಕೆ ಯುನ್ನಾನ್, ಗುಯಿಝೌ ಎರಡೂ ಪ್ರಾಂತ್ಯ ಅವನ ಕೈಗೆ. ಕೊನೆಗೆ ಕಾಯಿಲೆ ಅಂತ ಊರಿಗೆ ಬಂದು ಕೂತವನಿಗೆ 1850ರಲ್ಲಿ ಮತ್ತೆ ಕರೆ ಬಂತು, ಗುವಾಂಗ್ಸಿಯ ದಂಗೆ ಅಡಗಿಸಲು. ಹೊರಟೇಬಿಟ್ಟ. ದಾರಿಯಲ್ಲೇ ತೀರಿಕೊಂಡ.

ಆಗಲೂ ಆನ್ ಡ್ಯೂಟಿ, ಭಾವ.