ಬರೀ ಕಾರ್ಬೆಟ್

"ಓ, ಗ್ಲಾಮೇಗಾ? ಅದು ಬರೀ ಕಾರ್ಬೆಟ್."

ಕಳೆದ ಶನಿವಾರ ಸ್ಲಿಗಾಹನ್ ಸೇತುವೆ ಹತ್ತಿರ ಒಬ್ಬರು ಅಪ್ಪನಿಗೆ ಹೇಳಿದ ಮಾತಿದು. ನಾವು ಆಗಷ್ಟೇ ಕೆಳಗಿಳಿದಿದ್ದೆವು. ಜಾರುಗಲ್ಲು ಹಿಡಿದು ಹಿಡಿದು ಅಪ್ಪನ ಅಂಗೈ ತರಚಿತ್ತು. 66ನೇ ವಯಸ್ಸಿನಲ್ಲಿ, ಏಳು ಗಂಟೆ ನಡೆದು, ಸ್ಕಾಟ್ಲೆಂಡಿನ ಸ್ಕೈ ದ್ವೀಪದ ಗ್ಲಾಮೇಗ್ ಬೆಟ್ಟ ಹತ್ತಿ ಬಂದ ಖುಷಿ ಮುಖದ ಮೇಲಿತ್ತು. ಆ 'ಬರೀ' ಕೇಳಿದ ಮೇಲೆ ಅದು ಸ್ವಲ್ಪ ಇಳಿಯಿತು. ವಾರವಾಯಿತು, ಆ ಮಾತು ನನ್ನ ತಲೆಯಿಂದ ಹೋಗಿಲ್ಲ.

ಅವರು ಕೆಟ್ಟವರಲ್ಲ. ಅಪ್ಪನ ಕೈ ನೋಡಿ ತಾವೇ ಬ್ಯಾಂಡೇಜ್ ತೆಗೆದು ಕೊಟ್ಟರು. ಆದರೆ ಬೆಟ್ಟವನ್ನು ಪಟ್ಟಿಯಲ್ಲಿ ನೋಡಿ ನೋಡಿ, ಕಣ್ಣೆದುರು ನಿಂತ ಬೆಟ್ಟವನ್ನು ನೋಡುವುದು ಅವರಿಗೆ ಮರೆತುಹೋಗಿದೆ ಅನಿಸಿತು.

ಸ್ಕಾಟ್ಲೆಂಡಿನಲ್ಲಿ 3000 ಅಡಿ, ಅಂದರೆ 914.4 ಮೀಟರ್ ದಾಟಿದ ಬೆಟ್ಟ ಮನ್ರೋ. ಬಳ್ಳಾರಿ ಕಡೆಯವರಿಗೆ ಗೊತ್ತಿರುವ ಥಾಮಸ್ ಮನ್ರೋ ಅಲ್ಲ, 1891ರಲ್ಲಿ ಈ ಪಟ್ಟಿ ಮಾಡಿದ ಹ್ಯೂ ಮನ್ರೋ. ಈಗ ಅವು 282 ಇವೆ. 2500ರಿಂದ 3000 ಅಡಿಯೊಳಗಿನವು ಕಾರ್ಬೆಟ್. ಅದಕ್ಕೂ ಕೆಳಗೆ ಗ್ರಹಾಂ. ಗ್ಲಾಮೇಗ್ 775 ಮೀಟರ್. ಹಾಗಾಗಿ ಬರೀ ಕಾರ್ಬೆಟ್.

ಆದರೆ ಕಾರ್ಬೆಟ್ ಆಗಲು ಇನ್ನೊಂದು ಷರತ್ತಿದೆ. ಅಲ್ಲಿಂದ ಹೊರಟು ಅದಕ್ಕಿಂತ ಎತ್ತರದ ಬೆಟ್ಟಕ್ಕೆ ಹೋಗಬೇಕಾದರೆ, ಯಾವ ದಾರಿ ಹಿಡಿದರೂ ಮೊದಲು ಕಮ್ಮಿ ಅಂದರೆ 500 ಅಡಿ ಇಳಿಯಲೇಬೇಕು. ಮನ್ರೋಗಳಿಗೆ ಇಂಥ ಅಳತೆಯಿಲ್ಲ. ಒಂದೇ ಏಣಿನ ಮೇಲೆ ಹೆಗಲಿಗೆ ಹೆಗಲು ಕೊಟ್ಟು ನಿಂತ ಎಷ್ಟೋ ಶಿಖರಗಳು ಮನ್ರೋ ಅನಿಸಿಕೊಂಡಿವೆ. ಕಾರ್ಬೆಟ್ ಹಾಗಲ್ಲ, ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ಇದಕ್ಕೆ 'ಬರೀ' ಅನ್ನುವುದು ಸರಿನಾ?

ಬರೀ ಎತ್ತರವೇ ಲೆಕ್ಕವಾದರೆ ಬೆಂಗಳೂರು ಇರುವುದೇ ಸುಮಾರು 920 ಮೀಟರಿನಲ್ಲಿ. ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ಕಾಯುವವರು ಮನ್ರೋ ಗೆರೆಯ ಹತ್ತಿರವೇ ನಿಂತಿರುತ್ತಾರೆ. ನಮ್ಮ ಚಿಕ್ಕಮಗಳೂರು ಪೇಟೆ ಸ್ಕೈ ದ್ವೀಪದ ಅತಿ ಎತ್ತರದ 992 ಮೀಟರಿನ ಸ್ಗೂರ್ ಅಲಸ್ಡೇರ್‌ಗಿಂತಲೂ ಮೇಲಿದೆ. ಆದರೆ ಇಲ್ಲಿ ಕಡಲ ಮಟ್ಟದಿಂದಲೇ ಹತ್ತಬೇಕು. ಅರ್ಧ ದಾರಿಯಲ್ಲೇ ಅಪ್ಪ ಹೇಳಿದ್ದರು, "ಇದು ಬುಡದಿಂದಲೇ ಹತ್ತಿಸ್ಕೊಳ್ಳೋ ಬೆಟ್ಟ ಕಣೋ." ನನಗೆ ಆ ಅಳತೆಯೇ ಜಾಸ್ತಿ ಸರಿ ಅನಿಸುತ್ತದೆ.

2012ರಲ್ಲಿ ಬೆನ್ ಎ ಖ್ಲೇವ್ ಅನ್ನುವ ಬೆಟ್ಟವನ್ನು ಮತ್ತೆ ಅಳೆದರು. 913.96 ಮೀಟರ್ ಬಂತು. 44 ಸೆಂಟಿಮೀಟರ್ ಕಮ್ಮಿ. ನಮ್ಮ ಲೆಕ್ಕದಲ್ಲಿ ಒಂದು ಮೊಳ, ಮಾರಿನ ಕಾಲು ಭಾಗ. ಅಷ್ಟಕ್ಕೇ ಅದನ್ನು ಮನ್ರೋ ಪಟ್ಟಿಯಿಂದ ತೆಗೆದು ಕಾರ್ಬೆಟ್ ಮಾಡಿದರು. ಬೆಟ್ಟ ಎಲ್ಲಿತ್ತೋ ಅಲ್ಲೇ ಇತ್ತು. ಮೊದಲು ಅದನ್ನು ಹತ್ತಿ ಉಸ್ಸೆಂದು ಕೂತವರ ಕಾಲುನೋವು ಅವತ್ತು ಕಮ್ಮಿಯಾಯಿತಾ?

ಇಲ್ಲಿನ ಹಳೆಯ ಗೇಲಿಕ್ ಜನ ಅಡಿಗಳಲ್ಲಿ ಎಣಿಸುತ್ತಿರಲಿಲ್ಲ. ಚೂಪು ಬಂಡೆಯ ತಲೆಯಿದ್ದರೆ ಸ್ಗೂರ್. ಉಂಡೆಯ ಹಾಗಿದ್ದರೆ ಮ್ಯಾಲ್. ಕಲ್ಲುರಾಶಿಯಂತಿದ್ದರೆ ಕಾರ್ನ್. ಚಿಕ್ಕ ದಿಬ್ಬವಾದರೆ ಕ್ನೊಕ್. ನಾವು ದಿಬ್ಬ, ಬೋರೆ, ಗುಡ್ಡ, ಬೆಟ್ಟ ಅಂದ ಹಾಗೆಯೇ ಅಲ್ವಾ? ನೋಡಿದವರು, ನಡೆದವರು ಇಟ್ಟ ಹೆಸರುಗಳು.

1899ರಲ್ಲಿ ಹರ್ಕಬೀರ್ ಥಾಪಾ ಅನ್ನುವ ಗೂರ್ಖಾ ಸೈನಿಕ ಇದೇ ಸ್ಲಿಗಾಹನ್‌ನಿಂದ ಬರಿಗಾಲಲ್ಲಿ ಗ್ಲಾಮೇಗ್ ಹತ್ತಿ 55 ನಿಮಿಷದಲ್ಲಿ ವಾಪಸ್ ಬಂದಿದ್ದ. ಮೇಲೆ ಆ ಸಡಿಲ ಕಲ್ಲಿನಲ್ಲಿ ಕೂತಾಗ ಅಪ್ಪನಿಗೆ ಇದನ್ನು ಹೇಳಿದೆ. ಅವರು ಒಂದು ಕಲ್ಲು ಎತ್ತಿ, ಅದರ ಅಂಚು ಮುಟ್ಟಿ ನೋಡಿ, ಮೆಲ್ಲಗೆ ಕೆಳಗಿಟ್ಟರು. ಅವನು ಓಡುವಾಗ ಕಾರ್ಬೆಟ್ ಅನ್ನುವ ಪಟ್ಟಿಯೇ ಇರಲಿಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ಅಪ್ಪ ತುಂಬ ಹೊತ್ತು ಸುಮ್ನೆ ಇದ್ದರು. ಆಮೇಲೆ ಅಂದರು, "ಗುಡ್ಡ ಅಲ್ಲ ಅದು, ಬೆಟ್ಟನೇ. ಗುಡ್ಡ ಆದ್ರೆ ದನ ಹೊಡ್ಕೊಂಡು ಹೋಗ್ಬಹುದು. ಇಲ್ಲಿ ಯಾವ ದನ ಹತ್ತುತ್ತೆ?"

ಆಗ ನೆನಪಾಯಿತು. ಗ್ಲಾಮೇಗ್‌ನ ತುದಿಯ ಹೆಸರು ಸ್ಗೂರ್ ವಾರಿ, ಅಂದರೆ ಮೇರಿಯ ಶಿಖರ. ತಪ್ಪಿಸಿಕೊಂಡ ಹಸು ಹುಡುಕುತ್ತಾ ಹೋಗಿ ಅಲ್ಲೇ ಸತ್ತ ಹೆಂಗಸು ಅವಳು ಅನ್ನುತ್ತದೆ ಇಲ್ಲಿನ ಕತೆ. ಅಪ್ಪನಿಗೆ ಹೇಳಿದೆ. ಅವರು ತಿರುಗಿ ಹಿಂದಿನ ಗಾಜಿನಲ್ಲಿ ಬೆಟ್ಟ ನೋಡಿದರು.

"ಹಸು ಸಿಕ್ತಂತಾ?" ಅಂತ ಕೇಳಿದರು.