ಪಹಣಿಯ ಹಿಂದೆ ಒಂದು ಓತಿಕ್ಯಾತ

ಕೋಲಾರದಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್ ಅಂಗಡಿ ಇದೆ. ಕಳೆದ ವರ್ಷ ಮೇ ತಿಂಗಳಲ್ಲಿ ಒಬ್ಬ ವಯಸ್ಸಾದ ರೈತರು ಬಂದು ಪಹಣಿಯದು ಮೂರು ಕಾಪಿ ಮಾಡಿಸಿಕೊಂಡು ಹೋದರು. ಬ್ಯಾಂಕಿಗೆ ಕೊಡೋಕೆ. ಮಾರನೇ ದಿನ ಬೆಳಗ್ಗೆ ನಾನು ಶಟರ್ ಎತ್ತುವಷ್ಟರಲ್ಲಿ ಅವರೇ ನಿಂತಿದ್ದರು. ಕೈಯಲ್ಲಿ ಅದೇ ಕಾಪಿ. ಏನೂ ಮಾತಾಡದೆ ತಿರುಗಿಸಿ ತೋರಿಸಿದರು. ಹಿಂದೆ ಪೆನ್ಸಿಲ್ಲಿನಲ್ಲಿ ಬಿಡಿಸಿದ ಒಂದು ಓತಿಕ್ಯಾತ. ತಲೆ ಎತ್ತಿಕೊಂಡು, ಮುಂಗಾಲು ಊರಿಕೊಂಡು, ಹಾಳೆಯ ಉದ್ದಕ್ಕೂ ಬಾಲ.

"ಏನಮ್ಮಾ, ನಮ್ಮ ಹೊಲದಾಗೆ ತೊಂಡ ಇರೋದು ದಿಟ. ಅದನ್ನ ಪಹಣಿಗೂ ಏರಿಸಿಬಿಟ್ರಾ?" ಅಂದರು.

ನನಗೆ ಭೂಮಿ ಬಾಯಿಬಿಡಬಾರದಾ ಅನ್ನಿಸಿತು. ಮೇಜಿನ ಕೆಳಗೆ ಕೂತಿದ್ದ ಅಪರಾಧಿ ಚಕ್ಕಳಮಕ್ಕಳ ಹಾಕಿಕೊಂಡು ಇನ್ನೊಂದು ಬಿಡಿಸುತ್ತಿದ್ದಳು. ನನ್ನ ಮಗಳು ಚಿನ್ನಿ, ಆಗ ಎಂಟು ವರ್ಷ. ನಾನು ಹೊಸದಾಗಿ ಮೂರು ಕಾಪಿ ಮಾಡಿಕೊಟ್ಟೆ, ದುಡ್ಡು ತೆಗೆದುಕೊಳ್ಳಲಿಲ್ಲ. ಹಳೆಯದನ್ನು ಹರಿಯೋಕೆ ಕೈ ಚಾಚಿದರೆ ಅವರು ಕೊಡಲಿಲ್ಲ. "ಇರ್ಲಿ ಬಿಡು" ಅಂತ ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಟ್ಟುಕೊಂಡರು.

ಜೆರಾಕ್ಸ್ ಅಂಗಡಿಯಲ್ಲಿ ಹಾಳಾದ ಹಾಳೆಗೆ ಬರವಿಲ್ಲ. ಕಪ್ಪು ಬಿದ್ದದ್ದು, ಓರೆ ಬಿದ್ದದ್ದು, ಮಧ್ಯೆ ಸಿಕ್ಕಿ ಮುದುರಿದ್ದು. ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನದ್ದಾದರೆ ನಾನೇ ಹರಿದು ಹಾಕುತ್ತೇನೆ. ಪ್ರಶ್ನೆ ಪತ್ರಿಕೆ, ಮದುವೆ ಕರೆಯೋಲೆ, ಅರ್ಜಿ ನಮೂನೆ ಇಂಥವೆಲ್ಲ ಚಿನ್ನಿಗೆ. ಅವಳ ಚಿತ್ರಗಳೆಲ್ಲ ಹೀಗೆ ಯಾವುದೋ ಒಂದರ ಬೆನ್ನ ಮೇಲೆ ಇವೆ. ಬೆಳಕಿಗೆ ಹಿಡಿದರೆ ಓತಿಕ್ಯಾತದ ಹೊಟ್ಟೆಯೊಳಗೆ ವಧೂವರರ ಹೆಸರು ಕಾಣುತ್ತದೆ.

ನಮ್ಮ ಮನೆ ಅಂತರಗಂಗೆ ಬೆಟ್ಟದ ಕಡೆಗಿದೆ. ಕಲ್ಲು ಬಸವನ ಬಾಯಿಂದ ವರ್ಷವಿಡೀ ನೀರು ಬರುತ್ತದಲ್ಲ, ಕಾಶಿ ವಿಶ್ವೇಶ್ವರನ ಗುಡಿ, ಅದೇ ಬೆಟ್ಟ. ಕೊಳವೆ ಬಾವಿ ಸಾವಿರ ಅಡಿ ಕೊರೆದರೂ ಧೂಳು ಬರುವ ಊರಲ್ಲಿ ಆ ಬಸವನ ಬಾಯಿ ಮಾತ್ರ ಒಣಗುವುದಿಲ್ಲ. ಜನ ನೀರು ನೋಡೋಕೆ ಹೋಗುತ್ತಾರೆ, ಕೋತಿಗಳು ಜನರ ಕೈಚೀಲ ನೋಡೋಕೆ ಬರುತ್ತವೆ. ನಮ್ಮ ಹಿತ್ತಲಿನ ಆಚೆಗೆ ಒಂದು ಖಾಲಿ ಸೈಟು, ಅದರಲ್ಲಿ ಆನೆ ಮಲಗಿದ ಹಾಗೆ ಒಂದು ಬಂಡೆ. ಮೊದಲು ನಮ್ಮತ್ತೆ ಅದರ ಮೇಲೆ ಹಪ್ಪಳ ಒಣಗಿಸುತ್ತಿದ್ದರು. ಈಗ ಅದು ಪೀಟಿ ಮೇಷ್ಟ್ರದ್ದು.

ಪೀಟಿ ಮೇಷ್ಟ್ರು ಅಂದರೆ ಬಂಡೆ ಮೇಲಿರುವ ಗಂಡು ಓತಿಕ್ಯಾತ. ಬೆಳಗ್ಗೆ ಎಂಟು ಗಂಟೆ ಬಿಸಿಲಿಗೆ ಬಂದು ಬಂಡೆಯ ನೆತ್ತಿ ಮೇಲೆ ನಿಂತು ದಂಡ ಹೊಡೆಯುತ್ತದೆ. ಒಂದು, ಎರಡು, ಮೂರು, ಸ್ವಲ್ಪ ಸುಧಾರಿಸಿಕೊಳ್ಳುತ್ತದೆ, ಮತ್ತೆ ಒಂದು, ಎರಡು. ಅದಕ್ಕೇ ಆ ಹೆಸರು. ಇದು ಬೇಲಿ ಮೇಲೆ ಕೂರುವ ಓತಿಕ್ಯಾತ ಅಲ್ಲ. ಅದರ ಬೆನ್ನ ಮೇಲೆ ಗರಗಸದ ಹಲ್ಲಿನ ಹಾಗೆ ಮುಳ್ಳಿನ ಸಾಲು ಇರುತ್ತದೆ. ಇದರ ಬೆನ್ನು ನುಣುಪು, ಮೈ ಚಪ್ಪಟೆ, ಬಂಡೆ ಸಂದಿಗೆ ಅಂಚೆ ಕಾಗದದ ಹಾಗೆ ತೂರಿಕೊಳ್ಳುತ್ತದೆ. ನಮ್ಮ ಕಡೆ ಎರಡಕ್ಕೂ ಓತಿಕ್ಯಾತ ಅಂತಲೇ ಅನ್ನುತ್ತಾರೆ. ತೆಲುಗು ಮಾತಾಡುವ ಮನೆಗಳಲ್ಲಿ ತೊಂಡ. ಚಿನ್ನಿ ಇದಕ್ಕೆ ಬಂಡೆ ಓತಿ ಅಂತ ಬೇರೆ ಹೆಸರು ಕೊಟ್ಟಿದ್ದಾಳೆ.

ನನ್ನ ಮಗಳು ಮಾತಿನ ಮಲ್ಲಿ. ನಿದ್ದೆಯಲ್ಲೂ ಮಾತಾಡುತ್ತಾಳೆ. ಇಂಥವಳು ಬಂಡೆ ಹತ್ತಿರ ಹೋದರೆ ಬಾಯಿಗೆ ಬೀಗ. ಮೊದಲ ವಾರ ಇಪ್ಪತ್ತು ಹೆಜ್ಜೆ ದೂರದಲ್ಲಿ ಕೂತಳು. ಅದು ಓಡಿಹೋಯಿತು. ಮಾರನೇ ದಿನ ಅದೇ ಜಾಗ, ಅದೇ ಹೊತ್ತು, ಅದೇ ಹಳದಿ ಫ್ರಾಕು. ಬಟ್ಟೆ ಬದಲಾಯಿಸಿದರೆ ಮೇಷ್ಟ್ರಿಗೆ ಗುರುತು ಸಿಗಲ್ಲ ಅಂತ ಹಠ. ಆ ಫ್ರಾಕನ್ನು ರಾತ್ರಿ ಒಗೆದು ಬೆಳಗ್ಗೆ ಇಸ್ತ್ರಿಪೆಟ್ಟಿಗೆಯಲ್ಲಿ ಒಣಗಿಸಿದ್ದು ನಾನು. ಹದಿನೈದು ದಿನದಲ್ಲಿ ಇಪ್ಪತ್ತು ಹೆಜ್ಜೆ ಹನ್ನೆರಡಾಯಿತು, ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ನಾಲ್ಕು. ಅದಕ್ಕಿಂತ ಹತ್ತಿರ ಹೋಗಲಿಲ್ಲ. "ನಾಲ್ಕು ಸಾಕು ಅಮ್ಮ, ಅದಕ್ಕೆ ನಾಲ್ಕು ಇಷ್ಟ" ಅಂದಳು.

ಇದು ಸ್ನೇಹವಾ? ನನ್ನ ಪ್ರಕಾರ ಅಲ್ಲ. ಈ ಹಳದಿ ವಸ್ತು ಕಚ್ಚುವುದಿಲ್ಲ, ಕಲ್ಲು ಹೊಡೆಯುವುದಿಲ್ಲ ಅಂತ ಅದು ಲೆಕ್ಕ ಹಾಕಿಕೊಂಡಿದೆ ಅಷ್ಟೆ. ಚಿನ್ನಿಗೆ ಹೀಗಂದರೆ, "ನೀನು ಸರೋಜಾ ಆಂಟಿನ ಫ್ರೆಂಡ್ ಅಂತೀಯಲ್ಲ, ಅದೂ ಅಷ್ಟೇ ತಾನೆ?" ಅಂತಾಳೆ. ಉತ್ತರ ಹೊಳೆಯಲಿಲ್ಲ.

ನಾನು ಹಾಕಿದ ಷರತ್ತು ಮೂರೇ. ಕಾಲಿಗೆ ಶೂ. ಬಂಡೆ ಸಂದಿಗೆ ಕೈ ಹಾಕಬಾರದು, ಓತಿ ಇರುವ ಕಡೆ ಹಾವೂ ಇರುತ್ತದೆ. ಹತ್ತು ಗಂಟೆಗೆ ಮನೆ ಒಳಗೆ. ಹಿಡಿದು ಡಬ್ಬಿಯಲ್ಲಿ ಹಾಕಬಾರದು ಅನ್ನೋದು ನಾಲ್ಕನೆಯದು. ಅದನ್ನು ಹೇಳುವ ಮೊದಲೇ ಅವಳು ಮುಖ ಸಿಂಡರಿಸಿದಳು, "ಥೂ, ಯಾರಾದ್ರೂ ಹಾಗೆ ಮಾಡ್ತಾರಾ?" ಅಂತ.

ಮಾಡುತ್ತಾರೆ. ನಮ್ಮ ಮನೆಯವರೇ ಮಾಡಿದ್ದರು. ಚಿಕ್ಕವರಿದ್ದಾಗ ತೆಂಗಿನ ಗರಿಯ ಕಡ್ಡಿ ತುದಿಗೆ ಜೀರುಗುಣಿಕೆ ಹಾಕಿ, ಓತಿಕ್ಯಾತದ ಕುತ್ತಿಗೆಗೆ ಮೆಲ್ಲಗೆ ಇಳಿಸಿ ಎಳೆಯುವುದರಲ್ಲಿ ಊರಿಗೇ ಒಂದನೇ ನಂಬರ್ ಅಂತೆ. ಅದು ತಲೆ ಆಡಿಸೋದು ನಮ್ಮನ್ನು ಅಣಕಿಸೋಕೆ, ಕುತ್ತಿಗೆ ಕೆಂಪಾಗೋದು ನಮ್ಮ ರಕ್ತ ಹೀರೋದರಿಂದ ಅಂತ ನಂಬಿಕೊಂಡು ಕಲ್ಲು ಹೊಡೆಯುತ್ತಿದ್ದರಂತೆ. ಇದನ್ನು ಊಟಕ್ಕೆ ಕೂತಾಗ ನಗುತ್ತಾ ಹೇಳಿದರು. ಚಿನ್ನಿ ಮುದ್ದೆ ಬಿಟ್ಟು ಎದ್ದಳು. ಎರಡು ದಿನ ಅಪ್ಪನ ಜೊತೆ ಮಾತಿಲ್ಲ. ಆಮೇಲೆ ಅವರು ಮೊಬೈಲಿನಲ್ಲಿ ಹುಡುಕಿ ಒಂದು ವಿಷಯ ತಂದರು. ಈ ಓತಿಗಳನ್ನು ಅಧ್ಯಯನ ಮಾಡುವ ವಿಜ್ಞಾನಿಗಳೂ ಕೋಲಿಗೆ ಕುಣಿಕೆ ಕಟ್ಟಿಯೇ ಹಿಡಿಯುತ್ತಾರಂತೆ. ಅಳತೆ ತೆಗೆದು, ಗುರುತು ಹಾಕಿ, ಹಿಡಿದ ಜಾಗದಲ್ಲೇ ಬಿಡುತ್ತಾರೆ. "ನೋಡು, ನಾನೂ ಒಂಥರಾ ವಿಜ್ಞಾನಿನೇ" ಅಂದರು. ಚಿನ್ನಿ ಕೇಳಿದಳು, "ನೀನು ಬಿಟ್ಯಾ?"

ಅವತ್ತು ನಮ್ಮ ಮನೆಯವರು ತುಂಬ ಹೊತ್ತು ನೀರು ಕುಡಿದರು.

ಅದೇ ಹುಡುಕಾಟದಲ್ಲಿ ಬಣ್ಣದ ವಿಷಯವೂ ಸಿಕ್ಕಿತು. ಹೆಣ್ಣು ಎದುರಿಗಿದ್ದಾಗ ಮೇಷ್ಟ್ರ ಬೆನ್ನು ಕೆಂಪು, ಪಕ್ಕೆ ಕಪ್ಪು. ಇನ್ನೊಂದು ಗಂಡು ಜಗಳಕ್ಕೆ ಬಂದರೆ ಬೆನ್ನು ಹಳದಿ, ಪಕ್ಕೆ ಕಿತ್ತಳೆ. ಯಾರೂ ಇಲ್ಲದಾಗ ಮಂಕು ಕಂದು. ಇದೆಲ್ಲ ಕೆಲವೇ ಸೆಕೆಂಡಿನ ಕೆಲಸ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಇದನ್ನೇ ಕೂತು ನೋಡಿದ್ದಾರೆ. ನಾವು ಓತಿಕ್ಯಾತದ ಹಾಗೆ ಬಣ್ಣ ಬದಲಾಯಿಸುತ್ತಾನೆ ಅಂತ ರಾಜಕಾರಣಿಗಳನ್ನು ಬೈಯುತ್ತೇವೆ. ಪಾಪ, ಇದರ ಬಣ್ಣದಲ್ಲಿ ಮೋಸವೇ ಇಲ್ಲ. ಮನಸ್ಸಿನಲ್ಲಿರೋದನ್ನು ಬೆನ್ನ ಮೇಲೇ ಹಾಕಿಕೊಂಡು ತಿರುಗುತ್ತದೆ.

ಆ ಕೆಂಪು ಚಿನ್ನಿಯ ಹನ್ನೆರಡು ಬಣ್ಣದ ಕ್ರೇಯಾನ್ ಡಬ್ಬಿಯಲ್ಲಿ ಇರಲಿಲ್ಲ. ಕೆಂಪು ಬಳಿದರೆ ಟೊಮೆಟೊ ಆಯಿತು, ಕಿತ್ತಳೆ ಬಳಿದರೆ ಕ್ಯಾರೆಟ್ಟು. ಕೊನೆಗೆ ಇಟ್ಟಿಗೆ ಚೂರು ಕುಟ್ಟಿ, ಅತ್ತೆಯ ಕುಂಕುಮ ಬೆರೆಸಿ, ನೀರು ಹಾಕಿ ಬೆರಳಲ್ಲಿ ಸವರಿದಳು. ಬಂತು. ದೇವರ ಮನೆಯ ಬಟ್ಟಲು ಖಾಲಿಯಾದದ್ದು ಶುಕ್ರವಾರ ಗೊತ್ತಾಯಿತು, ಅದು ಬೇರೆ ಕಥೆ. ಆದರೆ ನಿಜವಾದ ಕಷ್ಟ ಮೇಷ್ಟ್ರದ್ದಲ್ಲ, ಮಿಸ್ಸಿನದು. ಹೆಣ್ಣು ಓತಿ ಬಂಡೆಯ ಬಣ್ಣವೇ. ಕಂದು, ಅದರ ಮೇಲೆ ತಿಳಿ ಚುಕ್ಕಿ, ಅದರ ಪಕ್ಕ ಇನ್ನೊಂದು ಕಂದು. ಕಣ್ಣ ಮುಂದೆ ಕೂತಿದ್ದರೂ ನನಗೆ ಕಾಣುತ್ತಿರಲಿಲ್ಲ. ಚಿನ್ನಿ ಟೀ ಸೋಸಿದ ಚರಟವನ್ನು ಹಾಳೆಗೆ ಉಜ್ಜಿ ಬಂಡೆ ಮಾಡಿದಳು. ಅದು ಒಣಗಿದ ಮೇಲೆ ರಬ್ಬರಿನಲ್ಲಿ ಅಲ್ಲಲ್ಲಿ ಅಳಿಸಿ ಹೆಣ್ಣು ಓತಿ ಮಾಡಿದಳು. ಬಿಡಿಸಲಿಲ್ಲ, ಅಳಿಸಿ ತೋರಿಸಿದಳು. ಆ ಹಾಳೆ ಈಗಲೂ ನನ್ನ ಅಂಗಡಿಯ ಗಾಜಿನ ಕೆಳಗಿದೆ. ಗಿರಾಕಿಗಳು ಟೀ ಚೆಲ್ಲಿದೆ ಅಂದುಕೊಳ್ಳುತ್ತಾರೆ.

ಶಾಲೆಯಲ್ಲಿ ಇದಕ್ಕೆ ಬೆಲೆ ಸಿಗಲಿಲ್ಲ. ಚಿತ್ರಕಲೆ ಪರೀಕ್ಷೆಗೆ "ಪ್ರಕೃತಿ ದೃಶ್ಯ" ಬಿಡಿಸಿ ಅಂದಿದ್ದರು. ನಿಮಗೂ ಗೊತ್ತಲ್ವಾ, ಎರಡು ತ್ರಿಕೋನ ಬೆಟ್ಟ, ನಡುವೆ ಅರ್ಧ ಸೂರ್ಯ, ಕೆಳಗೆ ನದಿ, ಪಕ್ಕದಲ್ಲಿ ತೆಂಗಿನ ಮರ. ನಾನೂ ಅದನ್ನೇ ಬಿಡಿಸಿ ಪಾಸಾದವಳು. ಕೋಲಾರದಲ್ಲಿ ನದಿ ಎಲ್ಲಿದೆ? ಪಾಲಾರ್ ಅಂತ ಒಂದಿದೆ, ಅದರಲ್ಲಿ ನೀರು ನೋಡೋದೇ ಅಪರೂಪ. ತ್ರಿಕೋನದ ಬೆಟ್ಟವಂತೂ ಒಂದೂ ಇಲ್ಲ. ಚಿನ್ನಿ ನಮ್ಮ ಬೆಟ್ಟವನ್ನೇ ಬಿಡಿಸಿದ್ದಳು, ಗುಂಡಿನ ಮೇಲೆ ಗುಂಡು. ಮೂಟೆಯಿಂದ ಸುರಿದ ಆಲೂಗಡ್ಡೆ ಹಾಗೆ. ಹಸಿರಿಲ್ಲ, ಸೂರ್ಯನಿಲ್ಲ, ನೆತ್ತಿ ಮೇಲೆ ಒಂದು ಓತಿ. ಹತ್ತಕ್ಕೆ ನಾಲ್ಕು. "ಬೆಟ್ಟ ಸರಿಯಾಗಿ ಬಿಡಿಸು" ಅಂತ ಕೆಂಪು ಶಾಯಿಯಲ್ಲಿ ಬರೆದಿದ್ದರು. ನನಗೆ ರೇಗಿತು. ಚಿನ್ನಿ ಮಾತ್ರ ಕೆಂಪು ಶಾಯಿಯನ್ನು ಉಗುರಲ್ಲಿ ಕೆರೆದು ನೋಡಿ, "ಈ ಕೆಂಪು ಚೆನ್ನಾಗಿದೆ, ಯಾವ ಪೆನ್ನು ಅಂತ ಕೇಳಬೇಕು" ಅಂದಳು.

ನಮ್ಮತ್ತೆಯದು ಇನ್ನೊಂದು ತಕರಾರು. ಅವರ ಲೋಕದಲ್ಲಿ ಹಲ್ಲಿ ಅಂದರೆ ಶಕುನ. ಮಾತಾಡುವಾಗ ಲೊಚಗುಟ್ಟಿದರೆ ನೆಲ ತಟ್ಟಿ "ಕೃಷ್ಣ ಕೃಷ್ಣ" ಅನ್ನಬೇಕು, ಮೈ ಮೇಲೆ ಬಿದ್ದರೆ ಪಂಚಾಂಗ ತೆಗೆದು ಫಲ ನೋಡಬೇಕು. ಹೆಣ್ಣುಮಗು ಹೊತ್ತಾರೆ ಎದ್ದು ಓತಿಕ್ಯಾತದ ಮುಖ ನೋಡೋದಾ ಅಂತ ಗೊಣಗುತ್ತಿದ್ದರು. ಚಿನ್ನಿ ಅವರ ಜೊತೆ ವಾದ ಮಾಡಲಿಲ್ಲ. "ಅಜ್ಜಿ, ನೀನು ಕಂಚಿಯಲ್ಲಿ ಚಿನ್ನದ ಹಲ್ಲಿ ಮುಟ್ಟಿದ್ದೀಯಲ್ಲ, ಅದಕ್ಕೆ ಬೆರಳೆಷ್ಟಿತ್ತು?" ಅಂತ ಕೇಳಿದಳು. ಕಂಚಿ ವರದರಾಜಸ್ವಾಮಿ ಗುಡಿಯಲ್ಲಿ ಚಾವಣಿಗೆ ಬಂಗಾರದ್ದೊಂದು ಬೆಳ್ಳಿಯದೊಂದು ಹಲ್ಲಿ ಇದೆ, ಮುಟ್ಟಿದರೆ ಹಲ್ಲಿ ಬಿದ್ದ ದೋಷವೆಲ್ಲ ಹೋಗುತ್ತದೆ ಅಂತ ನಂಬಿಕೆ. ಅತ್ತೆ ಅದನ್ನು ಮುಟ್ಟಿ ಬಂದವರು, ಬೀದಿಯಲ್ಲಿ ಯಾರ ಮೇಲೆ ಹಲ್ಲಿ ಬಿದ್ದರೂ ಇವರನ್ನು ಮುಟ್ಟಿ ಹೋಗುತ್ತಾರೆ. ಅಂಥವರಿಗೆ ಬೆರಳೆಷ್ಟು ಅನ್ನೋದು ಗೊತ್ತಿರಲಿಲ್ಲ! ಅವತ್ತು ರಾತ್ರಿ ಅಜ್ಜಿ ಮೊಮ್ಮಗಳು ಇಬ್ಬರೂ ಟ್ಯೂಬ್‌ಲೈಟ್ ಕೆಳಗೆ ಕತ್ತೆತ್ತಿ ನಿಂತು ಗೋಡೆ ಹಲ್ಲಿಯ ಬೆರಳು ಎಣಿಸಿದರು. ಒಂದೊಂದು ಕಾಲಿಗೆ ಐದು, ತುದಿ ಅಗಲ. ಬಂಡೆ ಓತಿಗೂ ಐದೇ, ಆದರೆ ಸಪೂರ, ತುದಿಗೆ ಉಗುರು, ಹಿಂಗಾಲಿನ ನಾಲ್ಕನೆಯದು ಎಲ್ಲಕ್ಕಿಂತ ಉದ್ದ. ಹಲ್ಲಿಯ ಬೆರಳಡಿ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲು ಲಕ್ಷಗಟ್ಟಲೆ ಇರುತ್ತವೆ, ಅಂಟು ಇಲ್ಲದೆಯೇ ಗೋಡೆ ಹಿಡಿಯುತ್ತದೆ ಅಂತ ನಾನು ಓದಿ ಹೇಳಿದೆ. ಅತ್ತೆ, "ಅದಕ್ಕೇ ಸ್ವಾಮಿ ಚಾವಣಿಗೆ ಇಟ್ಟುಕೊಂಡಿರೋದು" ಅಂದರು.

ಮಳೆಗಾಲ ಕಳೆದ ಮೇಲೆ ಮೇಷ್ಟ್ರು ಕಾಣಲಿಲ್ಲ. ಒಂದು ವಾರ, ಎರಡು ವಾರ. ಚಾಣ ಹಿಡಿದಿರಬಹುದು, ಬೆಕ್ಕು ಹಿಡಿದಿರಬಹುದು. ಅಥವಾ ಸುಮ್ನೆ ಆಯಸ್ಸು ಮುಗಿದಿರಬಹುದು, ಈ ಜಾತಿಯಲ್ಲಿ ಹೆಚ್ಚಿನವು ಒಂದು ವರ್ಷದ ಆಚೆ ಬದುಕುವುದು ಕಡಿಮೆ. ಇದನ್ನು ಓದಿದ ದಿನ ನಾನು ಚಿನ್ನಿಗೆ ಹೇಳಲಿಲ್ಲ. ಮೂರು ದಿನ ಬಿಟ್ಟು ಹೇಳಿದೆ. ಅವಳು ಬೆರಳು ಮಡಿಸಿ ಲೆಕ್ಕ ಹಾಕಿದಳು. "ಹಾಗಾದ್ರೆ ಒಂದು ರಜೆ ಪೂರ್ತಿ ನಮ್ಮ ಜೊತೆ ಇತ್ತು. ಅದರ ಲೆಕ್ಕದಲ್ಲಿ ಜಾಸ್ತಿನೇ ಅಲ್ವಾ ಅಮ್ಮ?" ಆಮೇಲೆ ಹೊರಗೆ ಹೋಗಿ ಬಂಡೆ ಹತ್ತಿರ ಕೂತಳು. ಹಳದಿ ಫ್ರಾಕು ಅಷ್ಟೊತ್ತಿಗೆ ಬಿಗಿಯಾಗಿತ್ತು.

ಸೈಟಿನವರು ಬಂಡೆ ಒಡೆಸುತ್ತಾರಂತೆ ಅಂತ ಆಗಾಗ ಸುದ್ದಿ ಬರುತ್ತದೆ. ಕಲ್ಲು ಒಡೆಯುವವರು ಒಂದು ಸಲ ಬಂದು ಅಳತೆ ತೆಗೆದುಕೊಂಡೂ ಹೋದರು. ಇನ್ನೂ ಒಡೆದಿಲ್ಲ.

ನಿನ್ನೆ ಭಾನುವಾರ. ಒಳಗೆ ಕುಕ್ಕರಿನಲ್ಲಿ ಬೇಳೆ ಇಟ್ಟು, ಬಕೆಟ್ ಹಿಡಿದು ಹಿತ್ತಲಿಗೆ ಬಟ್ಟೆ ಹರವೋಕೆ ಬಂದೆ. "ಅಮ್ಮ, ಅಲ್ಲಾಡಬೇಡ" ಅಂತ ಪಿಸುಮಾತು. ಚಿನ್ನಿ ಮೆಟ್ಟಿಲ ಮೇಲೆ ಕೂತಿದ್ದಳು, ತೊಡೆ ಮೇಲೆ ಹಾಳೆ. ಬಟ್ಟೆ ಒಗೆಯುವ ಕಲ್ಲಿನ ಅಂಚಿನಲ್ಲಿ, ನನ್ನಿಂದ ಎರಡು ಮೊಳ ದೂರಕ್ಕೆ, ನನ್ನ ಕಿರುಬೆರಳಿನಷ್ಟು ಉದ್ದದ ಒಂದು ಮರಿ ಓತಿ. ಒಂದು ಇರುವೆ ತಿಂದಿತು. ನನ್ನ ಕಡೆ ಒಂದು ಕಣ್ಣು ತಿರುಗಿಸಿತು. ಮುಂಗಾಲು ಊರಿ, ತಪ್ಪು ತಪ್ಪಾಗಿ, ಒಂದು ದಂಡ ಹೊಡೆಯಿತು.

ಕೈಯಲ್ಲಿ ಹಿಂಡಿದ ಸೀರೆ. ಅದರ ನೀರು ತೊಟ್ಟು ತೊಟ್ಟಾಗಿ ನನ್ನ ಪಾದದ ಮೇಲೆ ಬೀಳುತ್ತಿತ್ತು. ಒಳಗೆ ಕುಕ್ಕರ್ ಎರಡನೇ ಸೀಟಿ ಹಾಕಿತು. ಬಸ್ಸಾರಿಗೆ ಇಟ್ಟಿದ್ದ ಬೇಳೆ, ಎರಡಕ್ಕೇ ಇಳಿಸಬೇಕು. ಪೆನ್ಸಿಲಿನ ಸದ್ದು ನಿಲ್ಲಲಿಲ್ಲ. ಮೂರಾಯಿತು, ನಾಲ್ಕಾಯಿತು, ಐದನೆಯದೂ ಆಯಿತು.

ಮಧ್ಯಾಹ್ನ ಮಸ್ಸೊಪ್ಪು ಮಾಡಿದೆ. ಮಸೆಯುವ ಕೆಲಸವೇ ಇರಲಿಲ್ಲ.